ಹುಲ್ಲುಗಾವಲಿನ ಕಾದಂಬರಿ ಮತ್ತು ನನ್ನ ಅಳಿಯನ ಸೈಟು

ಅಮೆರಿಕದ ಹುಲ್ಲುಗಾವಲಿನ ಮೇಲೆ ಬರೆದ ಕಾದಂಬರಿಗಳಲ್ಲಿ ಗಂಡಸರಿಗೆಲ್ಲ ಒಂದೇ ಕಾಯಿಲೆ. ಇರುವ ಮನೆ ಚೆನ್ನಾಗಿದೆ, ಹಸು ಹಾಲು ಕೊಡುತ್ತಿದೆ, ಹೆಂಡತಿ ಈಗಷ್ಟೇ ಕಿಟಕಿಗೆ ಪರದೆ ಹೊಲಿದು ಮುಗಿಸಿದ್ದಾಳೆ ಎನ್ನುವಾಗ ಯಜಮಾನ ಬಾಗಿಲಲ್ಲಿ ನಿಂತು ಪಶ್ಚಿಮದ ಕಡೆ ನೋಡುತ್ತಾನೆ. ಮುಗಿಯಿತು. ಮುಂದಿನ ಅಧ್ಯಾಯದಲ್ಲಿ ಪಾತ್ರೆ ಪಗಡವೆಲ್ಲ ಬಂಡಿಯ ಮೇಲೆ. ಹೆಂಡತಿ ತವರಿನಿಂದ ತಂದ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ಬಿಡದೆ ಮುನ್ನೂರು ಪುಟ ಕಳೆಯುತ್ತಾಳೆ. ಇದಕ್ಕೆ ಸಾಹಸ ಎಂದು ಹೆಸರು.

ನನಗೆ ಈ ವಿಷಯದಲ್ಲಿ ಪಾಂಡಿತ್ಯ ಬಂದದ್ದು ೨೦೦೪ರ ಚಳಿಗಾಲದಲ್ಲಿ, ಅಮೆರಿಕದ ಆಶ್‌ಬರ್ನ್‌ನ ಮಗಳ ಮನೆಯಲ್ಲಿ, ಮೊಮ್ಮಗಳ ಕೃಪೆಯಿಂದ. ಅವಳು ಆಗ ನಾಲ್ಕನೇ ಕ್ಲಾಸು. ದಿನವೂ ಸ್ವಲ್ಪ ಹೊತ್ತು ಮನೆಯ ದೊಡ್ಡವರೊಬ್ಬರ ಎದುರು ಗಟ್ಟಿಯಾಗಿ ಓದಬೇಕು ಎಂದು ಟೀಚರ್ ಅಪ್ಪಣೆ. ಅವಳ ಅಪ್ಪ, ಅಮ್ಮ ಆಫೀಸಿನಿಂದ ಬರುವಾಗ ಅರ್ಧ ಜೀವವಾಗಿರುತ್ತಿದ್ದರು. ಪೂರ್ತಿ ಜೀವ ಇದ್ದ ದೊಡ್ಡವಳು ನಾನೊಬ್ಬಳೇ. ಹಾಗಾಗಿ ನಾನು ಹುರುಳಿಕಾಯಿ ನಾರು ತೆಗೆಯುತ್ತ ಕೂರುವುದು, ಅವಳು ಎದುರಿಗೆ ಕಾಲು ಚಾಚಿ ಓದುವುದು. ಕಥೆ ಯಾವುದೋ ಚಳಿದೇಶದಿಂದ ಹಡಗಿನಲ್ಲಿ ಬಂದು, ಮರವಿಲ್ಲದ ಬಯಲಿನಲ್ಲಿ ಮನೆ ಕಟ್ಟಿಕೊಂಡ ಒಂದು ಸಂಸಾರದ್ದು.

"ಅಜ್ಜಿ, ದೇ ಮೇಡ್ ದ ಹೌಸ್ ವಿತ್ ಮಣ್ಣು. ಮಣ್ಣು ಆಂಡ್ ಗ್ರಾಸ್."

"ಅದರಲ್ಲೇನಿದೆ ವಿಶೇಷ? ಮುಂದೆ ಓದು."

"ಆಮೇಲೆ ಸೀಲಿಂಗ್‌ನಿಂದ ಸ್ನೇಕ್ ಬಿತ್ತು. ಇನ್‌ಟು ದ ಸೂಪ್!"

"ವೆಜಿಟೇರಿಯನ್ ಸೂಪಾ?"

"ಅಜ್ಜೀ! ದಿಸ್ ಈಸ್ ಸೀರಿಯಸ್."

ಅವಳು ಒಂದು ಮುಗಿಸಿ ಇನ್ನೊಂದನ್ನು ಲೈಬ್ರರಿಯಿಂದ ತಂದಳು. ಅದರಲ್ಲೂ ಬಯಲು, ಅದರಲ್ಲೂ ಗಾಳಿ, ಅದರಲ್ಲೂ ಪಶ್ಚಿಮ ನೋಡುವ ಗಂಡ. ಹವಾಮಾನ ಮಾತ್ರ ಬೇರೆ ಬೇರೆ. ಒಂದರಲ್ಲಿ ಹಿಮ, ಇನ್ನೊಂದರಲ್ಲಿ ಮಿಡತೆ. ಎಲ್ಲದರಲ್ಲೂ ನಡುವೆ ಒಂದು ಅಧ್ಯಾಯ ಬರುತ್ತಿತ್ತು. ಹತ್ತಿರದ ಮನೆ ಒಂದು ದಿನದ ದಾರಿ ದೂರ. ಮಾತನಾಡಲು ಇನ್ನೊಬ್ಬ ಹೆಂಗಸಿಲ್ಲದೆ ಆ ತಾಯಿ ಗೋಡೆಯ ಜೊತೆ ಮಾತಾಡಲು ಶುರು ಮಾಡುತ್ತಾಳೆ. ಅಲ್ಲಿಗೆ ಬಂದಾಗ ನನ್ನ ಕೈಯಲ್ಲಿ ಹುರುಳಿಕಾಯಿ ನಿಂತುಬಿಡುತ್ತಿತ್ತು.

ಏಕೆಂದರೆ ನಾನೂ ಗೋಡೆಯ ಜೊತೆಯೇ ಮಾತಾಡುತ್ತಿದ್ದೆ. ವ್ಯತ್ಯಾಸ ಇಷ್ಟೇ, ನನ್ನ ಗೋಡೆ ಉತ್ತರ ಕೊಡುತ್ತಿತ್ತು.

ನಮ್ಮದು ಟೌನ್‌ಹೌಸು. ಸಾಲಾಗಿ ಅಂಟಿಸಿದ ಮನೆಗಳು. ನಮ್ಮ ಅಡುಗೆಮನೆಯ ಗೋಡೆಯ ಆಚೆಗೆ ಪಕ್ಕದವರ ಅಡುಗೆಮನೆ. ಅಲ್ಲಿ ನನ್ನ ಹಾಗೆಯೇ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಮಂಗಳೂರಿನ ಕ್ರಿಶ್ಚನ್ ಅಜ್ಜಿ. ಬೆಳಿಗ್ಗೆ ಎರಡೂ ಮನೆಯ ಕಾರುಗಳು ಹೊರಟ ಮೇಲೆ ನಾನು ಸೌಟಿನಿಂದ ಗೋಡೆಗೆ ಎರಡು ಏಟು ಕೊಡುವುದು. ಆಚೆಯಿಂದ ಎರಡು ಏಟು ಬಂದರೆ ಚಾ ರೆಡಿ. ಮೂರು ಬಂದರೆ, ಸ್ವಲ್ಪ ತಾಳಿ, ಪ್ರಾರ್ಥನೆ ಮುಗಿದಿಲ್ಲ ಎಂದು. ಆಮೇಲೆ ಇಬ್ಬರೂ ಸ್ವೆಟರ್ ಹಾಕಿಕೊಂಡು, ಲೈಬ್ರರಿಯ ತನಕ ನಡೆದು, ದಾರಿಯುದ್ದಕ್ಕೂ ಅವರ ಸೊಸೆಯನ್ನೂ ನನ್ನ ಅಳಿಯನನ್ನೂ ಸಮನಾಗಿ ಹಂಚಿಕೊಂಡು ಬೈದು ಬರುತ್ತಿದ್ದೆವು. ನನಗೆ ಕಾರು ಬಿಡಲು ಬರುವುದಿಲ್ಲ, ಅವರಿಗೂ ಬರುವುದಿಲ್ಲ. ಆ ದೇಶದಲ್ಲಿ ಅದರರ್ಥ, ನಮಗೆ ಕಾಲಿಲ್ಲ ಎಂದೇ. ಆ ಒಂದು ಗೋಡೆಯಿಂದಾಗಿ ನನಗೆ ಕಾಲಿತ್ತು.

ಹೀಗಿರುವಾಗ ನನ್ನ ಅಳಿಯ ಬಾಗಿಲಲ್ಲಿ ನಿಂತು ಪಶ್ಚಿಮದ ಕಡೆ ನೋಡಿದ.

ಪಶ್ಚಿಮ ಎಂದರೆ ಆಲ್ಡಿ ಎಂಬ ಹಳ್ಳಿ. ಆಗ ಅಲ್ಲಿ ಇದ್ದದ್ದು ಸೋಯಾ ಹೊಲ, ಕುದುರೆ, ಮತ್ತು ಮುಂದೆ ಇಲ್ಲಿ ಮನೆಗಳು ಬರಲಿವೆ ಎನ್ನುವ ದೊಡ್ಡ ಬೋರ್ಡು. ಇರುವ ಮರಗಳನ್ನೆಲ್ಲ ಕಡಿದು, ಬಡಾವಣೆಗೆ ಆ ಮರದ್ದೇ ಹೆಸರಿಟ್ಟಿದ್ದರು. ಅಳಿಯ ಅದರ ಬಣ್ಣದ ಕಾಗದ ತಂದು ಊಟದ ಮೇಜಿನ ಮೇಲೆ ಹರಡಿದ.

"ಸಿಂಗಲ್ ಫ್ಯಾಮಿಲಿ ಹೋಮ್ ಅತ್ತೆ. ಯಾರ ಜೊತೇನೂ ಗೋಡೆ ಶೇರ್ ಮಾಡ್ಬೇಕಾಗಿಲ್ಲ."

"ಯಾಕಪ್ಪಾ, ಗೋಡೆ ನಿಂಗೇನು ಮಾಡಿತ್ತು?"

"ನಾನು ರಜಾ ಹಾಕಿ ಮನೇಲಿದ್ರೆ, ಬೆಳಿಗ್ಗೆ ಬೆಳಿಗ್ಗೆ ಪಕ್ಕದ ಮನೆ ಗೋಡೆಯಿಂದ ಡಬ ಡಬ ಅಂತ ಸದ್ದು ಬರತ್ತೆ ಅತ್ತೆ. ಇಲಿ ಇರ್ಬೇಕು ಅಂದ್ಕೊಂಡು ಪೆಸ್ಟ್ ಕಂಟ್ರೋಲ್‌ಗೂ ಕಾಲ್ ಮಾಡಿದ್ದೆ."

ನಾನು ಪಲ್ಯ ಬಡಿಸಿದೆ.

ಮಗಳನ್ನು ನೋಡಿದೆ. ಅವಳು ಎರಡೂ ಕಡೆಗೆ ತಲೆ ಆಡಿಸುವುದರಲ್ಲಿ ನಿಪುಣೆ. ಅವತ್ತೂ ಹಾಗೇ ಮಾಡಿದಳು. ಹಾಗಾಗಿ ನಾನು ಸಾಹಿತ್ಯದ ಮೊರೆ ಹೋದೆ. ಮಾರನೆಯ ದಿನದಿಂದ ಮೊಮ್ಮಗಳ ಓದನ್ನು ರಾತ್ರಿ ಊಟದ ಹೊತ್ತಿಗೆ ವರ್ಗಾಯಿಸಿದೆ. ಬೇಕೆಂದೇ ಆರಿಸಿ ಓದಿಸಿದೆ: ಬಾವಿ ಬತ್ತಿದ್ದು, ಹಿಮದಲ್ಲಿ ದಾರಿ ತಪ್ಪಿದ್ದು, ಮಿಡತೆ ಬಂದು ಹೊಲವಷ್ಟೇ ಅಲ್ಲದೆ ಒಣಗಲು ಹಾಕಿದ ಅಂಗಿಯನ್ನೂ ತಿಂದದ್ದು, ತಾಯಿಗೆ ಗೋಡೆಯ ಜೊತೆ ಮಾತಾಡುವ ರೋಗ ಬಂದದ್ದು. ಅಳಿಯ ಚಪಾತಿ ಬಿಟ್ಟು ಕೇಳುತ್ತಿದ್ದ. ಕಣ್ಣಲ್ಲಿ ನೀರು. ಗೆದ್ದೆ ಎಂದುಕೊಂಡೆ.

"ಸೂಪರ್ ಅಲ್ವಾ ಅತ್ತೆ!" ಎಂದ. "ಏನ್ ಗಟ್ಸ್ ಅವರದ್ದು! ಒಂದು ಚೀಲ ಬೀಜ ಇಟ್ಕೊಂಡು ಸ್ಟಾರ್ಟ್ ಮಾಡಿದ್ರು. ಡಿಟ್ಟೋ ನಮ್ ಸ್ಟೋರಿ. ನಾನು ಬಂದಾಗ ಎರಡೇ ಸೂಟ್‌ಕೇಸು."

"ಅದ್ರಲ್ಲಿ ಒಂದ್ರ ತುಂಬಾ ನಿಮ್ಮಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುಳಿಪುಡಿ ಇತ್ತಲ್ವಾ?"

"ಅದೇ ಅತ್ತೆ, ಅದೇ ಬೀಜ!"

ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಅಪ್ಪಾ, ಅವರು ಬರೋಕೆ ಮುಂಚೆ ಅಲ್ಲಿ ಹೂ ಲಿವ್ಡ್?"

"ಖಾಲಿ ಇತ್ತು ಪುಟ್ಟಿ."

"ಟೀಚರ್ ಸೇಸ್ ಖಾಲಿ ಇರ್ಲಿಲ್ಲ."

"ಊಟ ಮಾಡು," ಎಂದ ಅವಳಪ್ಪ. ಹುಲ್ಲುಗಾವಲಿನ ಕಾದಂಬರಿಗಳಲ್ಲೂ ಇದೇ ಉತ್ತರ, ಸ್ವಲ್ಪ ಉದ್ದವಾಗಿ.

ಅಂತೂ ತೀರ್ಮಾನವಾಯಿತು. ಅದರ ಜೊತೆಗೆ ಬಾಯಿಗೆ ಬೀಗವೂ ಬಿತ್ತು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕಂಪ್ಯೂಟರ್ ಕೆಲಸ ಮಾಡುವವರು, ಡಾಕ್ಟರ್‌ಗಳು, ವಿಜ್ಞಾನಿಗಳು, ಎಲ್ಲರೂ ಪಾಲಿಸುತ್ತಾರೆ. ಹೊಸ ಮನೆಯಲ್ಲಿ ಹಾಲು ಉಕ್ಕುವ ತನಕ ಮನೆ ಕೊಂಡ ಸುದ್ದಿ ಯಾರಿಗೂ ಹೇಳಬಾರದು. ದೃಷ್ಟಿ. "ಪಕ್ಕದ್ಮನೆ ಆಂಟಿಗಂತೂ ಹೇಳ್ಲೇಬೇಡಿ ಅತ್ತೆ," ಎಂದ ಅಳಿಯ. ಉಪಗ್ರಹದ ಸಿಗ್ನಲ್ ಲೆಕ್ಕ ಹಾಕುವ ಮನುಷ್ಯ, ಒಬ್ಬ ಅಜ್ಜಿಯ ಕಣ್ಣಿಗೆ ಹೆದರಿದ.

ನಾನು ಹೇಳಲಿಲ್ಲ. ಆದರೆ ಬಿಟ್ಟು ಹೋಗುವವಳು ಗೆಳತಿಗೆ ಏನಾದರೂ ಕೊಟ್ಟು ಹೋಗಬೇಕು ಎನ್ನುವುದು ಕಾದಂಬರಿಯಲ್ಲೂ ಇದೆ, ನನ್ನ ಮನಸ್ಸಿನಲ್ಲೂ ಇತ್ತು. ಒಂದು ದಿನ ನನ್ನ ಹಳೆಯ ಕಬ್ಬಿಣದ ಕಾವಲಿಯನ್ನು ಅವರಿಗೆ ಕೊಟ್ಟೆ. "ಯಾಕೆ?" ಎಂದರು. "ನನಗೆ ಎತ್ತಲು ಭಾರ," ಎಂದೆ. ಅದೇ ವಾರ ಅವರು ತಮ್ಮ ಕರಿಬೇವಿನ ಕುಂಡವನ್ನು ಹೊತ್ತುಕೊಂಡು ಬಂದರು. ಆ ಗಿಡವನ್ನು ಅವರು ಮೊಮ್ಮಕ್ಕಳಿಗಿಂತ ಒಂದು ಗುಲಗಂಜಿ ಹೆಚ್ಚೇ ಪ್ರೀತಿಸುತ್ತಿದ್ದರು. "ಯಾಕೆ?" ಎಂದೆ. "ನಿಮ್ಮ ಕಿಟಕಿಗೆ ಬಿಸಿಲು ಜಾಸ್ತಿ," ಎಂದರು. ಒಂದೇ ಸಾಲಿನ ಮನೆಗಳು, ಒಂದೇ ದಿಕ್ಕಿನ ಕಿಟಕಿಗಳು; ಬಿಸಿಲು ನನಗೆ ಮಾತ್ರ ಹೇಗೆ ಜಾಸ್ತಿ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ದುಃಖದಲ್ಲಿದ್ದವರಿಗೆ ಬುದ್ಧಿ ಕಡಿಮೆ.

ಆಲ್ಡಿಯಲ್ಲಿ ಸೈಟುಗಳನ್ನು ಒಮ್ಮೆಲೇ ಮಾರುತ್ತಿರಲಿಲ್ಲ. ಒಂದೊಂದು ಸಲಕ್ಕೆ ನಾಲ್ಕೈದು ಬಿಡುಗಡೆ ಮಾಡುವುದು, ಮೊದಲು ಬಂದವರಿಗೆ ಮೊದಲು. ಹಾಗಾಗಿ ಬಿಲ್ಡರ್‌ನ ಟ್ರೇಲರ್ ಆಫೀಸಿನ ಎದುರು ಸಾಲು. ಹಿಂದಿನ ಕಾಲದಲ್ಲಿ ಜಮೀನಿಗಾಗಿ ಕುದುರೆ ಓಡಿಸಿದರು ಎಂದು ಮೊಮ್ಮಗಳ ಪುಸ್ತಕದಲ್ಲಿತ್ತು. ಇವರು ಕುದುರೆಯ ಬದಲು ತಂದೆತಾಯಿಯರನ್ನು ತಂದು ಕೂರಿಸಿದರು. ಮಕ್ಕಳಿಗೆ ಮೀಟಿಂಗು, ಊರಿಂದ ಬಂದ ಹಿರಿಯರಿಗೆ ಏನು ಕೆಲಸ? ಮಡಿಸುವ ಕುರ್ಚಿ, ಫ್ಲಾಸ್ಕು, ಒಂದು ಫೋನು. ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಕು ಹರಿಯುವಾಗ ನನ್ನ ಅಳಿಯ ನನ್ನನ್ನು ಕೆಸರಿನ ನಡುವೆ ಇಳಿಸಿ, "ಅತ್ತೆ, ಮಧ್ಯಾಹ್ನ ಹನ್ನೆರಡಕ್ಕೆ ಓಪನ್. ಅಷ್ಟ್ರಲ್ಲಿ ಬರ್ತೀನಿ. ಏನೇ ಆದ್ರೂ ಕುರ್ಚಿಯಿಂದ ಏಳ್ಬೇಡಿ," ಎಂದು ಹೇಳಿ ಹೋದ. ಸೀರೆಯ ಕೆಳಗೆ ಬಿಳಿ ಸ್ನೀಕರ್ಸು, ಮೇಲೆ ಅವನದೇ ಕೋಟು, ತಲೆಗೆ ಮಗಳ ಉಣ್ಣೆ ಟೋಪಿ. ಬಂಡಿಯಲ್ಲಿ ಕೂತ ಆ ಹೆಂಗಸರು ನನಗಿಂತ ಚೆನ್ನಾಗಿ ಕಾಣುತ್ತಿದ್ದರು ಎಂದು ನನಗೆ ಖಾತ್ರಿ.

ನನ್ನದು ಎರಡನೇ ಕುರ್ಚಿ. ಮೊದಲನೆಯದರಲ್ಲಿ ಕೊರಿಯಾದ ಗಂಡ ಹೆಂಡತಿ. ತಮಗೆ ತುದಿಯ ದೊಡ್ಡ ಸೈಟೇ ಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಪಾಪ, ಅವರಿಗೆ ದೃಷ್ಟಿಯ ಪರಿಚಯವಿಲ್ಲ. ಮೂರನೆಯದರಲ್ಲಿ ಮಂಕಿ ಕ್ಯಾಪ್ ಹಾಕಿದ ಬೆಂಗಳೂರಿನ ರಿಟೈರ್ಡ್ ಎಂಜಿನಿಯರ್, ಮಗನಿಗಾಗಿ ಬಂದವರು. ನಾಲ್ಕನೆಯದರಲ್ಲಿ ಒಬ್ಬ ಉದ್ದನೆಯ ಅಮೆರಿಕನ್ ಹುಡುಗ, ಮುಖದ ಮೇಲೆ ಟೋಪಿ ಹಾಕಿಕೊಂಡು ನಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾರು ನಿಂತಿತು. ಒಂದು ಕುರ್ಚಿ ಇಳಿಯಿತು. ಮೂಟೆಯಂತಹ ಜಾಕೆಟ್ಟಿನಲ್ಲಿ ಒಬ್ಬ ಹೆಂಗಸು ಇಳಿದರು. ಕೈಯಲ್ಲಿ ಜಪಸರ. ಕಾರು ಹೋಯಿತು. ಅವರು ತಿರುಗಿದರು.

"ಅಯ್ಯೋ! ನೀವು ಇಲ್ಲಿ ಎಂತ ಮಾಡ್ತಿದ್ದೀರಿ ಮಾರಾಯ್ರೆ?"

"ಗಾಳಿ ಸೇವನೆಗೆ ಬಂದೆ. ನೀವು?"

"ನಾನೂ ಗಾಳಿಗೇ."

ಇಬ್ಬರೂ ನಕ್ಕದ್ದು ಹೇಗೆಂದರೆ ಅಮೆರಿಕನ್ ಹುಡುಗನ ಟೋಪಿ ಕೆಸರಿಗೆ ಬಿತ್ತು.

"ಮಗ ಹೇಳಿದ್ದ, ಮಮ್ಮೀ, ಪಕ್ಕದ ಆಂಟಿಗೆ ಮಾತ್ರ ಹೇಳ್ಬೇಡ ಅಂತ."

"ನಮ್ಮಲ್ಲೂ ಅದೇ. ಅಲ್ಲ, ನಿಮ್ಮವರಿಗೂ ದೃಷ್ಟಿ ತಾಗತ್ತಾ?"

"ತಾಗದೆ ಎಂತ? ಕಣ್ಣು ನಿಮ್ಮದೇ ಅಲ್ವಾ?"

"ಅದಕ್ಕೇ ಕರಿಬೇವು ಕೊಟ್ರಾ?"

"ಅದಕ್ಕೇ ಕಾವಲಿ ಕೊಟ್ರಾ? ಆ ಭಾರ ಹೊತ್ತು ನನ್ನ ಸೊಂಟ ಹೋಯ್ತು!"

ನಗು ನಿಂತ ಮೇಲೆ ಅವರು ಟ್ರೇಲರ್ ಬಾಗಿಲಿಗೆ ಅಂಟಿಸಿದ ನಕ್ಷೆ ನೋಡಿದರು. ಅವತ್ತು ಬಿಡುಗಡೆ ಆಗುವುದು ನಾಲ್ಕೇ ಸೈಟು. ಅವರು ಐದನೆಯವರು. ಜಪಸರವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಇದು ಸಿಗದಿದ್ರೆ ಏಪೆಕ್ಸ್ ಅಂತ ಹೇಳ್ತಿದ್ದಾನೆ ಮಗ. ನಾರ್ತ್ ಕ್ಯಾರೊಲಿನಾ. ಆಫೀಸ್‌ನವರು ಟ್ರಾನ್ಸ್‌ಫರ್ ಕೊಡ್ತಾರಂತೆ, ಅಲ್ಲಿ ಮನೆ ಚೀಪ್ ಅಂತೆ."

"ಅಲ್ಲಿಗೆ ಎಷ್ಟು ದೂರ?"

"ಕಾರಲ್ಲಿ ನಾಲ್ಕೈದು ಗಂಟೆ. ನಮಗೆ ಕಾರು ಬರ್ತದಾ?"

ಹುಲ್ಲುಗಾವಲಿನ ಆ ಅಧ್ಯಾಯ ನನ್ನೆದುರು ತೆರೆದುಕೊಂಡಿತು. ಗಾಳಿ ಬೇರೆ ಬೀಸುತ್ತಿತ್ತು, ಸಂದರ್ಭಕ್ಕೆ ತಕ್ಕಂತೆ. ನಾನು ಎದ್ದು ನನ್ನ ಕುರ್ಚಿಯನ್ನು ಅವರಿಗೆ ಕೊಡಬಹುದಿತ್ತು. ಆಗ ಅವರು ಆಲ್ಡಿಯಲ್ಲಿ, ನಾನು ಆಶ್‌ಬರ್ನ್‌ನಲ್ಲಿ ಒಂದು ಮೂಕ ಗೋಡೆಯ ಜೊತೆ. ಇಬ್ಬರಿಗೂ ಸಿಗಬೇಕೆಂದರೆ ನಡುವಿನ ಇಬ್ಬರಲ್ಲಿ ಒಬ್ಬರು ಏಳಬೇಕು. ಅಮೆರಿಕನ್ ಹುಡುಗ ಮತ್ತೆ ನಿದ್ದೆ ಹೋಗಿದ್ದ. ನಾನು ಮಂಕಿ ಕ್ಯಾಪ್ ಕಡೆ ತಿರುಗಿದೆ.

ನಾನು ತಿರುಗುವ ಅಗತ್ಯವೇ ಇರಲಿಲ್ಲ. ಅವರೇ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಮೇಡಂ, ತಪ್ಪು ತಿಳ್ಕೋಬೇಡಿ. ತಾವು ಯಾವ ಲಾಟ್ ನೋಡ್ತಿದ್ದೀರಿ?"

"ಈಸ್ಟ್ ಫೇಸಿಂಗು."

ಅವರ ಮುಖ ಮಂಕಿ ಕ್ಯಾಪಿನೊಳಗೇ ಸಣ್ಣದಾಯಿತು. "ಎರಡರಲ್ಲಿ ಒಂದು ಅವರದ್ದು," ಎಂದು ಕೊರಿಯನ್ ದಂಪತಿಯನ್ನು ತೋರಿಸಿದರು, "ಇನ್ನೊಂದು ತಮ್ಮದು. ಹಾಗಾದ್ರೆ ನನಗೆ ಎದುರು ಸಾಲಿನ ಎರಡೇ."

"ವೆಸ್ಟ್ ಆದ್ರೇನು, ನೀವು ಎಂಜಿನಿಯರ್ರು. ಇವನ್ನೆಲ್ಲ ನಂಬ್ತೀರಾ?"

"ನಾನು ನಂಬಲ್ಲ. ಮಗ ಸ್ವಲ್ಪ..." ಎನ್ನುತ್ತ ಜೇಬಿನಿಂದ ದಿಕ್ಸೂಚಿ ತೆಗೆದರು.

"ಒಳ್ಳೇದು. ನಂಬದಿದ್ರೆ ಏನೂ ತೊಂದ್ರೆ ಇಲ್ಲ ಬಿಡಿ. ಆ ಮೊದಲನೇದಕ್ಕೆ ರಸ್ತೆ ಬಂದು ನೇರ ಬಾಗಿಲಿಗೆ ಹೊಡೆಯತ್ತಲ್ಲ, ಅದಕ್ಕೆ ಏನೋ ಅಂತಾರಪ್ಪ... ಮರ್ತುಹೋಯ್ತು."

"ವೀಧಿ ಶೂಲ," ಎಂದರು ಅವರು, ನಂಬದವರು.

"ಹ್ಞಾ, ಅದೇ. ಅದು ಬೇಡ ಅಂದ್ರೆ ಇನ್ನೊಂದಿದೆಯಲ್ಲ, ಹಿತ್ತಿಲು ಚೆನ್ನಾಗಿ ದೊಡ್ಡದಿದೆ. ಮೂಲೇಲಿ ನೀಲಿ ಬಣ್ಣ ಹಾಕಿದಾರೆ, ಏನದು?"

ಅವರು ಎದ್ದು ನಕ್ಷೆಯ ಹತ್ತಿರ ಹೋಗಿ, ದಿಕ್ಸೂಚಿ ಹಿಡಿದು, ಹಿಂದೆ ಮುಂದೆ ನಡೆದು ನೋಡಿದರು. ಮಳೆನೀರು ಹಿಡಿಯುವ ಕೊಳ. ಸರಿಯಾಗಿ ಆಗ್ನೇಯ ಮೂಲೆ. ಅಗ್ನಿಯ ಜಾಗದಲ್ಲಿ ನೀರು! ನಾನು ಒಂದು ಸುಳ್ಳೂ ಹೇಳಲಿಲ್ಲ. ರಸ್ತೆ ನಾನು ಹಾಕಿಸಿದ್ದಲ್ಲ, ಕೊಳ ನಾನು ತೋಡಿದ್ದಲ್ಲ. ಅವರು ಮೂಲೆಗೆ ಹೋಗಿ ಮಗನಿಗೆ ಫೋನ್ ಮಾಡಿದರು. ಗಾಳಿಗೆ ಅರ್ಧ ನಮಗೂ ಕೇಳಿಸಿತು. "ಹೌದಪ್ಪ, ಆಗ್ನೇಯ... ಇಲ್ಲ, ಕಂಪಾಸ್ ಸರಿ ಇದೆ... ಕಾರ್ನೆಗೀ ಯೂನಿವರ್ಸಿಟೀಲಿ ಓದಿದ್ರೆ ಏನಂತೆ, ಅಗ್ನಿಮೂಲೆ ಅಗ್ನಿಮೂಲೇನೇ... ಆಯ್ತು, ಬಂದು ಕರ್ಕೊಂಡು ಹೋಗು."

ಕುರ್ಚಿ ಮಡಿಸಿ, ನನಗೆ ಕೈ ಮುಗಿದು ಹೋದರು. ನಾನೂ ಮುಗಿದೆ. ನನ್ನ ಗೆಳತಿ ಒಂದು ಕುರ್ಚಿ ಮುಂದೆ ಬಂದು ಕೂತರು.

"ನೀವು ದೊಡ್ಡ ಕಳ್ಳಿ," ಎಂದರು.

"ನಿಮಗೆ ಶೂಲ ಆಗ್ಬಹುದಾ?"

"ನನ್ನ ಸೊಸೆಯ ನಾಲಿಗೆಗಿಂತ ದೊಡ್ಡ ಶೂಲ ಇದೆಯಾ ಮಾರಾಯ್ರೆ? ಆ ಚಾ ಕೊಡಿ ಇತ್ಲಾಗೆ."

ಹನ್ನೆರಡಕ್ಕೆ ನನ್ನ ಅಳಿಯ ಒಂದು ಬಾಗಿಲಿನಿಂದ, ಅವರ ಮಗ ಇನ್ನೊಂದು ಬಾಗಿಲಿನಿಂದ ಟ್ರೇಲರ್ ಒಳಗೆ ನುಗ್ಗಿದರು. ಮೂರು ವರ್ಷ ಗೋಡೆ ಹಂಚಿಕೊಂಡವರು ಒಬ್ಬರನ್ನೊಬ್ಬರು ನೋಡಿ, ಒಂದೇ ಮನೆಗೆ ಕನ್ನ ಹಾಕಲು ಬಂದ ಇಬ್ಬರು ಕಳ್ಳರ ಹಾಗೆ ನಿಂತರು. "ಹೇ! ಜಸ್ಟ್ ಲುಕಿಂಗ್ ಅರೌಂಡ್," ಎಂದ ನಮ್ಮವನು. "ಸೇಮ್, ಸೇಮ್," ಎಂದ ಅವನು. ಅಮೆರಿಕನ್ ಹುಡುಗ ಕೊಳದ ಸೈಟು ತೆಗೆದುಕೊಂಡು, ಅಲ್ಲಿ ಮೀನು ಬಿಡಬಹುದಾ ಎಂದು ಕೇಳುತ್ತಿದ್ದ. ನನ್ನ ಗೆಳತಿಯ ಮಗನಿಗೆ ಶೂಲ ಸಿಕ್ಕಿತು.

ಶರತ್ಕಾಲದಲ್ಲಿ ಹಾಲು ಉಕ್ಕಿತು. ಹೊಸ ಮನೆಯ ಮೊದಲ ಸೋಮವಾರ ಎಲ್ಲರೂ ಹೊರಟು ಹೋದರು. ಎಲ್ಲೆಲ್ಲೂ ಮಣ್ಣಿನ ಗುಡ್ಡೆ. ಒಂದು ಮರವಿಲ್ಲ, ನಡೆದು ಹೋಗಲು ಒಂದು ಲೈಬ್ರರಿಯಿಲ್ಲ. ಬೇಸ್‌ಮೆಂಟು ನಮ್ಮ ಟೌನ್‌ಹೌಸಿಗಿಂತ ದೊಡ್ಡದು, ಅದರಲ್ಲಿ ಒಂದು ಟ್ರೆಡ್‌ಮಿಲ್ಲು ಮತ್ತು ಅಳಿಯನ ಪ್ರತಿಧ್ವನಿ. ನಾನು ಅಭ್ಯಾಸಬಲದಿಂದ ಸೌಟು ತೆಗೆದುಕೊಂಡು ಅಡುಗೆಮನೆಯ ಗೋಡೆಗೆ ಎರಡು ಏಟು ಹಾಕಿದೆ. ಟೊಳ್ಳು ಸದ್ದು. ಆಚೆ ಕಡೆ ಗಾಳಿ ಮಾತ್ರ.

ಸೌಟು ಹಿಡಿದೇ, ಗಡಿಯಾರ ಮಡಿಲಲ್ಲಿಟ್ಟುಕೊಂಡ ಆ ತಾಯಿಯ ಬಗ್ಗೆ ಯೋಚಿಸಿದೆ. ಅವಳ ತಪ್ಪು ಏನೆಂದು ಆಗ ಗೊತ್ತಾಯಿತು: ಅವಳು ಒಳಗೆ ಕೂತು ಮಾತಾಡಿದಳು. ನಾನು ಸ್ಟೀಲಿನ ದೊಡ್ಡ ತಟ್ಟೆ ತೆಗೆದುಕೊಂಡು ಮುಂಬಾಗಿಲು ತೆರೆದು, ವರಾಂಡದಲ್ಲಿ ನಿಂತು ಬಾರಿಸಿದೆ. ಎದುರುಮನೆಯ ಬಾಗಿಲಿನಿಂದ ಕಬ್ಬಿಣದ ಕಾವಲಿಯ ಮೇಲೆ ಮೂರು ಏಟು ಕೇಳಿಸಿತು. ಪ್ರಾರ್ಥನೆ ಮುಗಿದಿಲ್ಲ. ಅದರ ಪಕ್ಕದ ಬಾಗಿಲೂ ತೆರೆಯಿತು. ಉದ್ದನೆಯ ಹುಡುಗ ಪೈಜಾಮದಲ್ಲಿ ಹೊರಗೆ ಬಂದು, ಬೆಂಕಿ ಬಿದ್ದಿದೆಯೇ ಎಂದು ನೋಡಿ, ಇಲ್ಲವೆಂದು ತಿಳಿದು, ರಸ್ತೆ ದಾಟಿ ಬಂದ. ಅವನಿಗೂ ಕಾಫಿ ಕೊಟ್ಟೆ. ಹುಲ್ಲುಗಾವಲಿನಲ್ಲಿ ನೆರೆಯವರನ್ನು ಆರಿಸಲು ಆಗುವುದಿಲ್ಲ.

೨೦೦೮ರ ಹೊತ್ತಿಗೆ ಎಲ್ಲರ ಮನೆಗಳ ಬೆಲೆ ಬಿತ್ತು. ಯುಗಾದಿ ಊಟದಲ್ಲಿ ಮಂಕಿ ಕ್ಯಾಪ್ ಅಂಕಲ್ ಸಿಕ್ಕಿ, ಒಬ್ಬಟ್ಟಿನ ತಟ್ಟೆ ಹಿಡಿದೇ ತಲೆ ಬಾಗಿಸಿದರು. "ಮೇಡಂ, ಅವತ್ತು ತಾವು ನೆನಪು ಮಾಡದಿದ್ರೆ ನಾವೂ ಮುಳುಗ್ತಿದ್ವಿ. ಬಾಡಿಗೆ ಮನೇಲೇ ಆರಾಮಾಗಿದ್ದೀವಿ. ಶಾಸ್ತ್ರ ಸುಳ್ಳಾಗಲ್ಲ ನೋಡಿ." ನಾನು ಗಂಭೀರವಾಗಿ ಒಪ್ಪಿಕೊಂಡೆ.

ಆ ವರ್ಷವೇ ನನ್ನ ಅಳಿಯನಿಗೆ ಹಳೆಯ ಕಾಯಿಲೆ ಮರುಕಳಿಸಿತು. ಇನ್ನೂ ಆಚೆಗೆ ಐದು ಎಕರೆಯ ಮನೆಗಳಂತೆ, ಕಣ್ಣಿಗೆ ಕಾಣುವಷ್ಟು ದೂರ ಯಾರೂ ಇಲ್ಲವಂತೆ. ಆದರೆ ಇದನ್ನು ಮಾರುವ ಹಾಗಿಲ್ಲ, ಕೊಳ್ಳುವವರೇ ಇಲ್ಲ. ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತ್ತು, ನಾನೊಬ್ಬಳು ಬಿಟ್ಟು. ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ದೂರಕ್ಕೆ ನೋಡುತ್ತಿದ್ದ. ಪಾಪ, ಬಾಗಿಲು ಪೂರ್ವಕ್ಕೆ. ಹಟ ಹಿಡಿದು ಅವನೇ ಆರಿಸಿದ್ದು. ಅಲ್ಲಿಂದ ಎಷ್ಟು ನೋಡಿದರೂ ಕಾಣುವುದು ಎದುರುಮನೆ, ಅದರ ವರಾಂಡದಲ್ಲಿ ಕಾವಲಿ ಹಿಡಿದು ನಿಂತ ಒಬ್ಬ ಅಜ್ಜಿ.

"ಸ್ವಲ್ಪ ಪಕ್ಕಕ್ಕೆ ಸರಿಯಪ್ಪ," ಎಂದು ತಟ್ಟೆ ಕೈಗೆತ್ತಿಕೊಂಡೆ.